ಮಿದುಳಿನ ‘ಟ್ಯಾಂಗಲ್’ಗೆ ಕನ್ನಡದಲ್ಲಿ ಏನೆನ್ನಬೇಕು? ಸಿಕ್ಕೇ, ಗಂಟೇ, ಗೋಜಲೇ?

ಬರಹದ ಮೇಜು, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ಅಲ್ಝೈಮರ್ ಕಾಯಿಲೆಯವರನ್ನು ಮನೆಯಲ್ಲೇ ನೋಡಿಕೊಳ್ಳುವವರಿಗಾಗಿ ಹದಿನಾರು ಪುಟದ ಪುಸ್ತಿಕೆಯೊಂದನ್ನು ಬರೆಯುತ್ತಿದ್ದೇನೆ. ಊಟ, ಸ್ನಾನ, ರಾತ್ರಿ ಎದ್ದು ಓಡಾಡುವುದು, ಇವೆಲ್ಲ ಸಲೀಸಾಗಿ ಬರೆದಾಯಿತು. ‘ಮಿದುಳಿನಲ್ಲಿ ಏನಾಗುತ್ತದೆ’ ಎಂದು ಹೇಳಬೇಕಾದ ಮೊದಲ ಪುಟದಲ್ಲಿ ಒಂದೇ ಶಬ್ದದ ಮುಂದೆ ನಾಲ್ಕು ದಿನದಿಂದ ಕುಳಿತಿದ್ದೇನೆ.

ಇಂಗ್ಲಿಷಿನಲ್ಲಿ ಎರಡು ಮಾತುಗಳು ಜೋಡಿಯಾಗಿ ಬರುತ್ತವೆ: ಪ್ಲಾಕ್ ಮತ್ತು ಟ್ಯಾಂಗಲ್. ನರಕೋಶಗಳ ನಡುವೆ ಅಮಿಲಾಯ್ಡ್ ಎಂಬ ಪ್ರೋಟೀನಿನ ತುಣುಕುಗಳು ಕೂಡಿಕೊಂಡು ಗಟ್ಟಿಯಾಗುವುದು ಪ್ಲಾಕ್. ಅದಕ್ಕೆ ‘ಕಿಟ್ಟ’ ಎಂದು ಇಟ್ಟುಕೊಂಡಿದ್ದೇನೆ, ಸಮಾಧಾನವಿದೆ. ಟ್ಯಾಂಗಲ್ ಇರುವುದು ನರಕೋಶದ ಒಳಗೆ. ಅಲ್ಲಿ ಟಾವ್ ಎಂಬ ಇನ್ನೊಂದು ಪ್ರೋಟೀನಿನ ಎಳೆಗಳು ಒಂದರೊಳಗೊಂದು ಸೇರಿಕೊಂಡು ಕೋಶದ ಕೆಲಸವನ್ನೇ ಕಟ್ಟಿಹಾಕುತ್ತವೆ. ಇದಕ್ಕೆ ಏನೆನ್ನಲಿ? ಸಿಕ್ಕು, ಗಂಟು, ಗೋಜಲು, ತೊಡಕು, ಕಗ್ಗಂಟು, ಐದನ್ನೂ ಬರೆದು ಐದನ್ನೂ ಹೊಡೆದುಹಾಕಿದ್ದೇನೆ. ‘ಟ್ಯಾಂಗಲ್’ ಎಂದೇ ಬಿಟ್ಟುಬಿಡಿ ಎಂದು ಸ್ನೇಹಿತರು ಹೇಳಿದರು. ಆದರೆ ಈ ಪುಸ್ತಿಕೆಯನ್ನು ಓದುವವರು ಆಸ್ಪತ್ರೆಯಲ್ಲಿ ಇಂಗ್ಲಿಷ್ ಶಬ್ದಗಳನ್ನು ಕೇಳಿ ಕೇಳಿ ಸಾಕಾಗಿ ಬಂದಿರುತ್ತಾರೆ. ಮನೆಗೆ ಬಂದ ಮೇಲೂ ಅದೇ ಶಬ್ದವನ್ನು ಅವರ ಕೈಗೆ ಕೊಡಲು ನನಗೆ ಮನಸ್ಸಿಲ್ಲ.

ಇದು ನನ್ನ ಮನೆಯ ವಿಷಯವೂ ಹೌದು. ನಮ್ಮ ಅಮ್ಮ ಐವತ್ತು ವರ್ಷ ದಿನವೂ ಹೂ ಕಟ್ಟಿದವರು. ನೆನೆಸಿದ ಬಾಳೆನಾರನ್ನು ಸೀಳಿ ಕಾಲ್ಬೆರಳಿಗೆ ಸಿಕ್ಕಿಸಿಕೊಂಡು ಕುಳಿತರೆ ಮಾತನಾಡುತ್ತಲೇ ಎರಡು ಮೊಳ ಮುಗಿಸುತ್ತಿದ್ದರು. ಕಳೆದ ಶ್ರಾವಣದಲ್ಲಿ ನಾರು ಬೆರಳುಗಳ ನಡುವೆ ಸುತ್ತಿಕೊಂಡು ಕುಳಿತಿತ್ತು, ಮಲ್ಲಿಗೆ ಮಡಿಲಲ್ಲೇ ಬಾಡಿತ್ತು. ಕೈಯನ್ನು ನನ್ನ ಮುಂದೆ ಹಿಡಿದು ‘ಇದರ ತುದಿ ಎಲ್ಲಿದೆ?’ ಎಂದು ಕೇಳಿದರು. ಅಂದಿನಿಂದ ಈ ಶಬ್ದವನ್ನು ಅಂದಾಜಿನಲ್ಲಿ ಬರೆಯಲು ನನಗಾಗುತ್ತಿಲ್ಲ.

ನಿಘಂಟುಪ್ರಿಯ, ಮೈಸೂರು

ನಿಮ್ಮ ಅಮ್ಮನ ವಿಷಯ ಓದಿ ಬೇಸರವಾಯಿತು. ಶಬ್ದದ ಬಗ್ಗೆ ನನಗೆ ತಿಳಿದದ್ದನ್ನು ಹೇಳುತ್ತೇನೆ.

ಟ್ಯಾಂಗಲ್ ಇಂಗ್ಲಿಷಿಗೆ ಬಂದದ್ದು 14ನೆಯ ಶತಮಾನದಲ್ಲಿ. ಸ್ಕ್ಯಾಂಡಿನೇವಿಯಾದ ಭಾಷೆಗಳಿಂದ ಬಂದಿರಬೇಕು ಎಂಬುದು ವಿದ್ವಾಂಸರ ಅಭಿಪ್ರಾಯ. ಸ್ವೀಡಿಷ್ ಆಡುನುಡಿಯಲ್ಲಿ ‘ಅಸ್ತವ್ಯಸ್ತ ಮಾಡು’ ಎನ್ನುವ ಅರ್ಥದ ಹತ್ತಿರದ ಶಬ್ದವೊಂದಿದೆ. ಮೊದಲು ನೂಲು, ಕೂದಲು ಸುತ್ತಿಕೊಳ್ಳುವುದಕ್ಕೆ ಈ ಶಬ್ದವಿತ್ತು, ಆಮೇಲೆ ಬದುಕಿನ ಕಷ್ಟಕ್ಕೂ ಬಂತು ಎಂದು ನಾನು ಅಂದುಕೊಂಡಿದ್ದೆ. ಆದದ್ದು ತಿರುಗುಮುರುಗು. ಮನುಷ್ಯ ಕಷ್ಟದ ಸಂಗತಿಯೊಂದರಲ್ಲಿ ಸಿಕ್ಕಿಕೊಳ್ಳುವ ಅರ್ಥವೇ ಮೊದಲು ಬರಹದಲ್ಲಿ ಕಾಣುತ್ತದೆ. ನೂಲು, ಕೂದಲಿನ ಅರ್ಥ 1500ರ ಆಸುಪಾಸಿನದು.

ನಮ್ಮ ‘ಜಟಿಲ’ ನಡೆದದ್ದು ಎದುರು ದಾರಿಯಲ್ಲಿ. ಜಟೆ ಎಂದರೆ ಗಂಟುಕಟ್ಟಿದ ಕೂದಲು, ಜಟೆಯುಳ್ಳದ್ದು ಜಟಿಲ. ತಲೆಯಿಂದ ಹೊರಟ ಮಾತು ಸಮಸ್ಯೆಗೆ ಹೋಗಿ ಸೇರಿತು. ದಿನವೂ ಹೆಣೆಯುವ ‘ಜಡೆ’ಯೂ ಅದೇ ಮೂಲದ್ದು. ಒಂದೇ ಬೇರಿನಿಂದ ಸಿಕ್ಕೂ ಹುಟ್ಟಿತು, ಸಿಕ್ಕು ಬಿಡಿಸಿ ಒಪ್ಪವಾಗಿ ಹೆಣೆದದ್ದೂ ಹುಟ್ಟಿತು.

ನನ್ನ ಸಲಹೆ ‘ತಂತುಜಟೆ’. ಶಾಸ್ತ್ರಗ್ರಂಥದಲ್ಲಿ ನಿಲ್ಲುವ ಗಾಂಭೀರ್ಯ ಅದಕ್ಕಿದೆ. ‘ತಂತುಜಾಲ’ ಬೇಡ. ಜಾಲ ಎಂದರೆ ಬಲೆ, ಅದರಲ್ಲಿ ಕ್ರಮವಿರುತ್ತದೆ. ಆರೋಗ್ಯವಂತ ಮಿದುಳಿಗೂ ನಾವು ನರಜಾಲ ಎನ್ನುತ್ತೇವೆ.

ನೇಯ್ಗೆಮನೆ, ಇಳಕಲ್

ತಂತುಜಟೆ ಎಂದರೆ ನಮ್ಮ ಓಣಿಯಲ್ಲಿ ಯಾರಿಗೂ ತಿಳಿಯುವುದಿಲ್ಲ ಸರ್. ಸಿಟ್ಟಾಗಬೇಡಿ.

ನಾವು ಮೂರು ತಲೆಮಾರಿನ ನೇಕಾರರು. ನಮಗೆ ಸಿಕ್ಕು ಬೇರೆ, ಗಂಟು ಬೇರೆ. ಗಂಟನ್ನು ನಾವು ಹಾಕುತ್ತೇವೆ. ಹಾಸಿನ, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಹಾಸಿದ, ಎಳೆ ಹರಿದರೆ ಎರಡು ತುದಿ ಹಿಡಿದು ಗಂಟು ಹಾಕಿದರೇ ಮಗ್ಗ ಮುಂದೆ ನಡೆಯುವುದು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತೇವೆ. ಅಷ್ಟು ಸಾವಿರ ಕೊಂಡಿಗಳಿದ್ದರೂ ಅದನ್ನು ಯಾರೂ ಸಿಕ್ಕು ಎನ್ನುವುದಿಲ್ಲ. ಸಿಕ್ಕನ್ನು ಯಾರೂ ಮಾಡುವುದಿಲ್ಲ, ಅದು ತಾನಾಗಿ ಆಗುತ್ತದೆ. ಲಡಿಯನ್ನು, ಅಂದರೆ ನೂಲಿನ ಸುರುಳಿಯನ್ನು, ಅವಸರದಲ್ಲಿ ಬಿಚ್ಚಿದಾಗ ಆಗುತ್ತದೆ, ಗಂಜಿ ಸರಿಯಾಗಿ ಹಿಡಿಯದೆ ಎಳೆಯ ಮೈಮೇಲೆ ಜುಂಗು ಎದ್ದಾಗ ಆಗುತ್ತದೆ.

ಸಿಕ್ಕು ಬಿಡಿಸುವಾಗ ಎಳೆಯಬಾರದು. ನಮ್ಮ ಅಜ್ಜಿ ಲಡಿಯನ್ನು ಎರಡೂ ಅಂಗೈಯ ಮೇಲೆ ಹಗುರಾಗಿ ಹಿಡಿದು ಅಲ್ಲಾಡಿಸುತ್ತಿದ್ದಳು. ಎಳೆಗಳ ನಡುವೆ ಗಾಳಿ ಆಡಬೇಕು ಎನ್ನುತ್ತಿದ್ದಳು. ಸಡಿಲವಾದ ಮೇಲೆ ತುದಿ ಹುಡುಕಬೇಕು. ಮೊದಲೇ ಎಳೆದರೆ ಸಿಕ್ಕು ಹೋಗಿ ಗಂಟಾಗುತ್ತದೆ, ಆಮೇಲೆ ಕತ್ತರಿಯೇ ಗತಿ. ನಿಮ್ಮ ತಾಯಿಯವರು ತುದಿ ಎಲ್ಲಿ ಎಂದು ಕೇಳಿದ್ದನ್ನು ಓದಿದಾಗ ಎದೆ ಹಿಂಡಿದಂತಾಯಿತು. ಕೆಲಸ ಬಲ್ಲ ಕೈ ಕೇಳುವ ಪ್ರಶ್ನೆಯೇ ಅದು.

ಶುಶ್ರೂಷಕಿ, ದಾವಣಗೆರೆ

ಹಿರಿಯರ ಆರೈಕೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದೇನೆ. ದಯವಿಟ್ಟು ‘ಗಂಟು’ ಎಂದು ಮಾತ್ರ ಬರೆಯಬೇಡಿ. ಮೈಯೊಳಗೆ ಗಂಟು ಎಂದರೆ ನಮ್ಮ ಜನಕ್ಕೆ ಗೆಡ್ಡೆ ಎಂದೇ ಅರ್ಥ. ಎದೆಯಲ್ಲಿ ಗಂಟು, ಕುತ್ತಿಗೆಯಲ್ಲಿ ಗಂಟು ಎನ್ನುತ್ತೇವಲ್ಲ, ಹಾಗೆ. ಒಮ್ಮೆ ಕಿರಿಯ ವೈದ್ಯರೊಬ್ಬರು ಸರಳವಾಗಿ ತಿಳಿಸಲು ಹೋಗಿ ‘ಮಿದುಳಿನ ನರದಲ್ಲಿ ಗಂಟುಗಳಾಗಿವೆ’ ಎಂದರು. ಮಗ ಮಾರನೆಯ ದಿನ ಹೊಲ ಅಡವಿಟ್ಟು ಹಣ ತರುತ್ತೇನೆ, ಆಪರೇಷನ್ ಮಾಡಿಸಿ ತೆಗೆಸಿಬಿಡಿ ಎಂದು ಬಂದ. ಆ ಹುಡುಗನನ್ನು ಕೂರಿಸಿಕೊಂಡು ಹಾಗಲ್ಲಪ್ಪ ಎಂದು ಹೇಳುವಷ್ಟರಲ್ಲಿ ಮಧ್ಯಾಹ್ನವಾಯಿತು. ಒಂದು ಶಬ್ದಕ್ಕೆ ಹೊಲ ಹೋಗುತ್ತಿತ್ತು.

‘ಗೋಜಲು’ ಕೂಡ ಬೇಡ, ಕಾರಣ ಬೇರೆ. ‘ಮಾತು ಗೋಜಲಾಗಿದೆ’, ‘ತಲೆಯೆಲ್ಲ ಗೋಜಲು’ ಎಂದು ಮನೆಯವರು ದಿನವೂ ಹೇಳುತ್ತಾರೆ. ಅದು ಅವರಿಗೆ ಕಾಣುವ ಲಕ್ಷಣ. ಸೂಕ್ಷ್ಮದರ್ಶಕದಲ್ಲಿ ಕಾಣುವುದಕ್ಕೂ ಅದೇ ಶಬ್ದ ಕೊಟ್ಟರೆ, ಗೊಂದಲದಿಂದ ಮಾತನಾಡುವವರ ಮಿದುಳಿನಲ್ಲೆಲ್ಲ ಈ ವಸ್ತು ಇದೆ ಎಂದು ತಿಳಿದುಕೊಳ್ಳುತ್ತಾರೆ. ಜ್ವರ, ಮೂತ್ರದ ಸೋಂಕು, ಮೈಯಲ್ಲಿ ಸೋಡಿಯಂ ಇಳಿಯುವುದು, ಇಷ್ಟಕ್ಕೇ ವಯಸ್ಸಾದವರ ಮಾತು ಎರಡು ದಿನದಲ್ಲಿ ಗೋಜಲಾಗುತ್ತದೆ. ಚಿಕಿತ್ಸೆ ಕೊಟ್ಟರೆ ತಿಳಿಯಾಗುತ್ತದೆ. ಅವೆರಡನ್ನೂ ಬೆರೆಸಬಾರದು.

ಭೌತಶಾಸ್ತ್ರದ ಮೇಷ್ಟ್ರು, ಹಾಸನ

ನಮ್ಮ ತರಗತಿಯಲ್ಲೂ ಇದೇ ಪೇಚಾಟ, ಸ್ವಲ್ಪ ಬೇರೆ ರೂಪದಲ್ಲಿ. ಸೂಕ್ಷ್ಮ ಕಣಗಳ ನಡುವಿನ ಒಂದು ಬಗೆಯ ನಂಟಿನ ಹೆಸರಾದ ‘ಕ್ವಾಂಟಂ ಎಂಟ್ಯಾಂಗಲ್‌ಮೆಂಟ್’ ಎಂಬುದನ್ನು ಕನ್ನಡದಲ್ಲಿ ಕೆಲವರು ತೊಡಕು ಎನ್ನುತ್ತಾರೆ, ಕೆಲವರು ಹೆಣೆದುಕೊಳ್ಳುವಿಕೆ ಎನ್ನುತ್ತಾರೆ. ನಾನು ಗಟ್ಟಿಯಾಗಿ ಎರಡನೆಯ ಪಕ್ಷ.

1935ರಲ್ಲಿ ಭೌತವಿಜ್ಞಾನಿ ಶ್ರೋಡಿಂಗರ್ ಈ ವಿದ್ಯಮಾನಕ್ಕೆ ಜರ್ಮನ್ ಭಾಷೆಯಲ್ಲಿ ಕೊಟ್ಟ ಹೆಸರು ‘ಫರ್‌ಶ್ರೆಂಕುಂಗ್’. ಎದೆಯ ಮೇಲೆ ಕೈ ಕಟ್ಟಿಕೊಂಡು ನಿಂತವರ ತೋಳುಗಳಿಗೂ ಜರ್ಮನ್ನರು ಇದೇ ಶಬ್ದ ಬಳಸುತ್ತಾರೆ. ಒಂದರ ಮೇಲೊಂದು ಅಡ್ಡಹಾದು ಭದ್ರವಾಗಿ ಹಿಡಿದುಕೊಂಡದ್ದು ಎಂದು ಅದರ ಭಾವ. ಅಲ್ಲಿ ಅಸ್ತವ್ಯಸ್ತ ಏನೂ ಇಲ್ಲ. ಅದೇ ವರ್ಷ ಇಂಗ್ಲಿಷಿನಲ್ಲಿ ಬರೆಯುವಾಗ ಅವರೇ ‘ಎಂಟ್ಯಾಂಗಲ್‌ಮೆಂಟ್’ ಎಂದರು, ಅಲ್ಲಿಂದ ಅದಕ್ಕೆ ಸಿಕ್ಕಿನ ಛಾಯೆ ಅಂಟಿತು. ಎರಡು ಕಣಗಳಲ್ಲಿ ಒಂದನ್ನು ಅಳೆದರೆ ಬರುವ ಫಲ ಇನ್ನೊಂದರ ಫಲದೊಡನೆ ಹೊಂದಿಕೊಂಡೇ ಇರುತ್ತದೆ, ನಡುವೆ ಎಷ್ಟೇ ದೂರವಿರಲಿ. ಪ್ರಯೋಗಗಳಿಂದ ಇದನ್ನು ತೋರಿಸಿದ ಆಸ್ಪೆ, ಕ್ಲೌಸರ್, ಝೈಲಿಂಗರ್ ಅವರಿಗೆ 2022ರಲ್ಲಿ ನೊಬೆಲ್ ಬಂತು. ಇಷ್ಟು ಕರಾರುವಾಕ್ಕಾದ ಸಂಬಂಧವನ್ನು ‘ಕ್ವಾಂಟಂ ತೊಡಕು’ ಎಂದರೆ ಮಕ್ಕಳು ಏನೋ ಕೆಟ್ಟುಹೋಗಿದೆ ಎಂದುಕೊಳ್ಳುತ್ತಾರೆ. ‘ಕ್ವಾಂಟಂ ಹೆಣಿಗೆ’ ಎಂದ ದಿನ ಕೊನೆಯ ಬೆಂಚಿನ ಹುಡುಗಿ ‘ಹಾಗಾದರೆ ಬಿಡಿ ಎಳೆಗೆ ತನ್ನದೇ ವಿನ್ಯಾಸ ಇರುವುದಿಲ್ಲವೇ?’ ಎಂದು ಕೇಳಿದಳು. ಸರಿಯಾದ ಶಬ್ದ ಸಿಕ್ಕಿದ್ದರಿಂದ ಬಂದ ಪ್ರಶ್ನೆ ಅದು.

ಇಳಕಲ್ಲಿನವರು ಸಿಕ್ಕು ತಾನಾಗಿ ಆಗುತ್ತದೆ ಎಂದರಲ್ಲ, ಅದನ್ನು ಪರೀಕ್ಷಿಸಿದವರೂ ಇದ್ದಾರೆ. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೊದಲ್ಲಿ ರೇಮರ್ ಮತ್ತು ಸ್ಮಿತ್ ಎಂಬ ಇಬ್ಬರು ದಾರದ ತುಂಡನ್ನು ಪೆಟ್ಟಿಗೆಗೆ ಹಾಕಿ ಪೆಟ್ಟಿಗೆಯನ್ನು ಉರುಳಿಸಿ, ತೆರೆದು ನೋಡಿದರು. ಹೀಗೆ 3,415 ಸಲ. 120 ಬಗೆಯ ಗಂಟುಗಳು ಸಿಕ್ಕವು. ದಾರ ಸುಮಾರು 46 ಸೆಂಟಿಮೀಟರಿಗಿಂತ ಗಿಡ್ಡವಾಗಿದ್ದರೆ ಗಂಟು ಬೀಳುವುದೇ ಇಲ್ಲವೆನ್ನುವಷ್ಟು ಅಪರೂಪ. 2007ರಲ್ಲಿ ಪ್ರಕಟವಾದ ಕೆಲಸ. ಕಿಸೆಯಲ್ಲಿಟ್ಟ ಇಯರ್‌ಫೋನಿನ ತಂತಿಗೆ ಆಗುವುದೂ ಇದೇ.

ಬರಹದ ಮೇಜು, ಶಿವಮೊಗ್ಗ

ಗಂಟನ್ನು ಈಗಲೇ ಅಳಿಸಿದೆ. ದಾವಣಗೆರೆಯ ಅಕ್ಕನಿಗೆ ಎಷ್ಟು ಕೃತಜ್ಞತೆ ಹೇಳಿದರೂ ಸಾಲದು, ಕರಡಿನಲ್ಲಿ ‘ನರಗಂಟು’ ಎಂದು ಮೂರು ಕಡೆ ಇತ್ತು. ಜ್ವರ, ಸೋಂಕಿನ ಮಾತನ್ನೂ ಸೇರಿಸುತ್ತೇನೆ. ತೊಡಕಿನ ಬಗ್ಗೆ ಯಾರಾದರೂ ಹೇಳುತ್ತೀರಾ?

ಕಡಲತಡಿ, ಮಲ್ಪೆ

ತೊಡಕು ಎಂದರೆ ಅಡ್ಡಿ. ಕೆಲಸದ ದಾರಿಯಲ್ಲಿ ಕಾಲಿಗೆ ತೊಡರುವುದು. ಅದು ಹೊರಗಿನಿಂದ ಬರುತ್ತದೆ. ನೀವು ಹೇಳುವುದು ಕೋಶದ ತನ್ನದೇ ಎಳೆ ತನಗೇ ಸುತ್ತಿಕೊಂಡದ್ದು, ಆದ್ದರಿಂದ ಅದು ಹೊಂದುವುದಿಲ್ಲ.

ಸಿಕ್ಕು ಎಂಬ ಮಾತಿಗೆ ಇನ್ನೊಂದು ಮುಖವಿದೆ. ‘ಮೀನು ಸಿಕ್ಕಿತು’ ಎಂದರೆ ನಮಗೆ ಲಾಭ, ಮೀನಿಗೆ ಸಾವು. ಒಂದೇ ಕ್ರಿಯಾಪದ. ಕಂತಬಲೆಯನ್ನು ನೀರಿನಲ್ಲಿ ಗೋಡೆಯಂತೆ ನಿಲ್ಲಿಸುತ್ತೇವೆ. ಮೀನು ತಲೆ ತೂರಿಸಿ, ಹಿಂದೆ ಸರಿಯಲು ಹೋದಾಗ ಕಿವಿರಿಗೆ ನೂಲು ಸಿಕ್ಕಿಕೊಳ್ಳುತ್ತದೆ. ಕೊಸರಾಡಿದಷ್ಟೂ ಸುತ್ತಿಕೊಳ್ಳುತ್ತದೆ. ಇಂಗ್ಲಿಷಿನ ಮೀನುಗಾರಿಕೆ ಪುಸ್ತಕಗಳಲ್ಲಿ ಇಂಥ ಬಲೆಗಳ ಗುಂಪಿಗೆ ‘ಎಂಟ್ಯಾಂಗ್ಲಿಂಗ್ ನೆಟ್’ ಎಂಬ ಹೆಸರೇ ಇದೆ. ಕಡಿದುಹೋಗಿ ಸಮುದ್ರದಲ್ಲಿ ಉಳಿದ ನೈಲಾನ್ ಬಲೆ ಯಾರೂ ಎತ್ತದಿದ್ದರೂ ಹಿಡಿಯುತ್ತಲೇ ಇರುತ್ತದೆ. ಒಂದು ಬೆಳಗ್ಗೆ ದಡದಲ್ಲಿ ಕಡಲಾಮೆಯೊಂದು ಹಾಗೆ ಬಿದ್ದಿತ್ತು. ಮುಂದಿನ ಎರಡೂ ಈಜುಗಾಲುಗಳಿಗೆ ನೀಲಿ ನೂಲು ಚರ್ಮ ಕೊರೆಯುವಷ್ಟು ಬಿಗಿದಿತ್ತು. ನಾವು ನಾಲ್ವರು ಸೇರಿ ಕತ್ತರಿಸಲು ಅರ್ಧ ಗಂಟೆ ಹಿಡಿಯಿತು. ಆಮೆ ಒಮ್ಮೆಯೂ ಕೊಸರಾಡಲಿಲ್ಲ, ಅಷ್ಟು ಸೋತುಹೋಗಿತ್ತು. ನೀರಿಗೆ ಬಿಟ್ಟೆವು.

ಗಡಿಯಾಚೆಯ ಕನ್ನಡಿಗ, ಹಿಂದೂಪುರ

ತೆಲುಗಿನಲ್ಲೂ ಇದೇ ಶಬ್ದ, ‘ಚಿಕ್ಕು’. ಕೂದಲಿನದಕ್ಕೂ ಅದೇ, ಸಿಕ್ಕಿಬೀಳುವುದಕ್ಕೂ ಅದೇ. ತಮಿಳಿನಲ್ಲಿ ಕೂದಲಿನದು ‘ಸಿಕ್ಕು’, ಸಮಸ್ಯೆಯಾದರೆ ‘ಸಿಕ್ಕಲ್’. ನಮ್ಮ ಮನೆಯಲ್ಲಿ ಮೂರೂ ಭಾಷೆ ನಡೆಯುತ್ತವೆ, ‘ಸಿಕ್ಕು’ ಎಂದರೆ ಮೂವರಿಗೂ ಅರ್ಥವಾಗುತ್ತದೆ. ಪುಸ್ತಿಕೆ ಗಡಿ ದಾಟಿ ಬಂದರೆ ಇಲ್ಲಿಯೂ ಓದಿಕೊಳ್ಳಬಹುದು.

ನಿಘಂಟುಪ್ರಿಯ, ಮೈಸೂರು

ಮಲ್ಪೆಯವರ ಮಾತಿಗೆ ಒಂದು ಸೇರಿಕೆ. ತೊಡಕು ಎಲ್ಲ ಕಡೆಯೂ ಅಡ್ಡಿಯಲ್ಲ. ನಮ್ಮ ಹಳೇ ಮೈಸೂರು ಸೀಮೆಯಲ್ಲಿ ಯುಗಾದಿಯ ಮರುದಿನ ಹೊಸತೊಡಕು. ಅಂದು ಬಾಡೂಟ. ಅಲ್ಲಿನ ತೊಡಕು ‘ತೊಡಗು’ ಎಂಬುದಕ್ಕೆ ಸೇರಿದ್ದು, ವರ್ಷ ತೊಡಗಿತು ಎಂಬ ಅರ್ಥ. ಒಂದೇ ಉಚ್ಚಾರದಲ್ಲಿ ಆರಂಭವೂ ಇದೆ, ಅಡ್ಡಿಯೂ ಇದೆ. ನಮ್ಮ ಕಡೆಯ ಓದುಗರಿಗೆ ‘ಮಿದುಳಿನ ತೊಡಕು’ ಇನ್ನಷ್ಟು ವಿಚಿತ್ರವಾಗಿ ಕೇಳುತ್ತದೆ. ಆದ್ದರಿಂದ ಬೇಡ.

ತಂತುಜಟೆಯನ್ನು ಹಿಂತೆಗೆದುಕೊಳ್ಳುತ್ತೇನೆ. ಪುಸ್ತಿಕೆ ಯಾರಿಗಾಗಿ ಎಂಬುದನ್ನು ನಾನು ಮರೆತಿದ್ದೆ.

ಹೊರನಾಡ ಕನ್ನಡತಿ, ಲೀಡ್ಸ್

ಇಂಗ್ಲೆಂಡಿನಲ್ಲಿ ಹಿರಿಯರ ಆರೈಕೆಯ ಕೆಲಸ ನನ್ನದು. ಇಲ್ಲಿ ಟ್ಯಾಂಗಲ್ ಮಕ್ಕಳ ಬಾಯಲ್ಲಿರುವ ಶಬ್ದ, ಅದನ್ನು ತಿಳಿದಿದ್ದರೆ ಆಯ್ಕೆ ಸುಲಭವಾಗಬಹುದು. ಬೆಳಗ್ಗೆ ಶಾಲೆಗೆ ಹೊರಡುವಾಗ ತಲೆ ಬಾಚಿಸಿಕೊಳ್ಳುತ್ತ ಅಳುವ ಮಗು ಮೊದಲು ಕಲಿಯುವ ಕಷ್ಟದ ಹೆಸರೇ ಅದು. ತೋಟದ ನೀರಿನ ಕೊಳವೆ, ಹೊಲಿಗೆಯ ದಾರ, ಗಾಳಿಪಟದ ಸೂತ್ರ, ಬೇಲಿಗೆ ಹಬ್ಬಿದ ಮುಳ್ಳುಬಳ್ಳಿ, ಎಲ್ಲಕ್ಕೂ ಒಂದೇ ಶಬ್ದ. ಯಾರೊಂದಿಗಾದರೂ ಟ್ಯಾಂಗಲ್ ಆಗುವುದು ಎಂದರೆ ಜಗಳಕ್ಕೆ ಬೀಳುವುದು. ‘ಅವನ ಗೋಜಿಗೆ ಹೋಗಬೇಡ’ ಎಂದು ನಾವು ಹೇಳುವ ಜಾಗದಲ್ಲಿ ಇವರು ಇದನ್ನು ಹೇಳುತ್ತಾರೆ. ಸ್ಕಾಟ್ಲೆಂಡಿನ ಉತ್ತರದ ಆರ್ಕ್ನಿ ದ್ವೀಪಗಳಲ್ಲಿ ದಡಕ್ಕೆ ಬಂದು ಬೀಳುವ ಉದ್ದ ದಂಟಿನ ಕಡಲಕಳೆಗೂ ಟ್ಯಾಂಗಲ್ ಎಂದೇ ಹೆಸರು. ಆದರೆ ಅದು ಹಳೆಯ ನಾರ್ಸ್ ಭಾಷೆಯಿಂದ ಬಂದ ಬೇರೆಯೇ ಶಬ್ದ. ಆಯತ, ತ್ರಿಕೋನಗಳ ಇಂಗ್ಲಿಷ್ ಹೆಸರಿನ ಕೊನೆಯ ‘ಆಂಗಲ್’ಗೂ ಇದಕ್ಕೂ ನಂಟಿಲ್ಲ, ಅದು ಕೋನ.

ಈ ಶಬ್ದದಲ್ಲಿ ತಾತ್ಸಾರವೇ ಇರಬೇಕೆಂದಿಲ್ಲ ಎಂಬುದಕ್ಕೆ ಡಾರ್ವಿನ್ ಸಾಕ್ಷಿ. ಜೀವಿಗಳ ಉಗಮವನ್ನು ಕುರಿತ 1859ರ ಪುಸ್ತಕದ ಕೊನೆಯ ಪರಿಚ್ಛೇದದಲ್ಲಿ ಗಿಡಬಳ್ಳಿ, ಹಕ್ಕಿ, ಹುಳು ಎಲ್ಲ ಕೂಡಿಕೊಂಡ ದಿಬ್ಬವೊಂದನ್ನು ಬಣ್ಣಿಸುವಾಗ ಮೊದಲು ‘ಎಂಟ್ಯಾಂಗಲ್ಡ್’ ಎಂದು ಬರೆದರು. ನಂತರದ ಆವೃತ್ತಿಯಲ್ಲಿ ಅದನ್ನು ಮೊಟಕು ಮಾಡಿ ‘ಟ್ಯಾಂಗಲ್ಡ್’ ಎಂದರು. ಮೊದಲನೆಯದರಲ್ಲಿ ಯಾವುದೋ ಒಂದರಲ್ಲಿ ಸಿಕ್ಕಿಕೊಂಡ ಭಾವ ಹೆಚ್ಚು. ಎರಡನೆಯದು ಬರಿಯ ನೋಟ.

ಮಗುವಿಗೂ ತಿಳಿಯುವ ಶಬ್ದವನ್ನು ಇವರು ಇಂಥ ಕಾಯಿಲೆಗೆ ಬಳಸಿದ್ದರಿಂದಲೇ ಇಲ್ಲಿಯ ಅಜ್ಜಂದಿರಿಗೆ ವೈದ್ಯರ ಮಾತು ಸ್ವಲ್ಪವಾದರೂ ತಲುಪುತ್ತದೆ. ನಮ್ಮಲ್ಲೂ ಬಚ್ಚಲುಮನೆಯ ಶಬ್ದವೇ ಬೇಕು. ಮಲೆನಾಡಿನ ನಮ್ಮ ಅಜ್ಜಿ ಮತ್ತಿಸೊಪ್ಪಿನ ಗೊಂಪು ಹಚ್ಚಿ, ತುದಿಯಿಂದ ಮೇಲಕ್ಕೆ ಇಷ್ಟಿಷ್ಟೇ ಬಾಚುತ್ತ, ‘ತಡಿ ಕೂಸೇ, ಸಿಕ್ಕು ಬಿಡಿಸುತ್ತಿದ್ದೇನೆ’ ಎನ್ನುತ್ತಿದ್ದಳು. ಆ ‘ಸಿಕ್ಕು’ ನನಗೆ ಸಾಕು.

ನರವಿಜ್ಞಾನ ವಿದ್ಯಾರ್ಥಿ, ಬೆಂಗಳೂರು

ಚರ್ಚೆಯನ್ನು ಮೊದಲಿನಿಂದ ಓದಿದೆ. ವಸ್ತುವನ್ನು ನೋಡಿದವನಾಗಿ ಎರಡು ಮಾತು.

ಅಲೋಯಿಸ್ ಅಲ್ಝೈಮರ್ ಇದನ್ನು ಮೊದಲು ವಿವರಿಸಿದ್ದು 1906ರಲ್ಲಿ, ಜರ್ಮನಿಯ ಟ್ಯೂಬಿಂಗನ್‌ನಲ್ಲಿ ನಡೆದ ಸಭೆಯಲ್ಲಿ. 1901ರಲ್ಲಿ ಫ್ರಾಂಕ್‌ಫರ್ಟಿನ ಆಸ್ಪತ್ರೆಗೆ ಸೇರುವಾಗ ಯಾರ ಮಿದುಳನ್ನು ಅವರು ನೋಡಿದರೋ ಆ ರೋಗಿಗೆ ಕೇವಲ 51 ವರ್ಷ. ಆ ರೋಗಿ ತೀರಿಕೊಂಡ ಮೇಲೆ ಮಿದುಳಿನ ತೆಳು ಪದರಗಳಿಗೆ ಬೆಳ್ಳಿಯ ಲವಣದ ಬಣ್ಣ ಹಚ್ಚಿದಾಗ ನರಕೋಶಗಳೊಳಗೆ ದಪ್ಪ ಕಪ್ಪು ಎಳೆಗಳು ಕಂಡವು. ಕೆಲವು ಕಡೆ ಕೋಶವೇ ನಾಶವಾಗಿ, ಅದು ಇದ್ದ ಜಾಗದಲ್ಲಿ ಎಳೆಗಳ ಮುದ್ದೆ ಮಾತ್ರ ಉಳಿದಿತ್ತು. ಇಂದಿಗೂ ಅಂಥದ್ದನ್ನು ‘ಘೋಸ್ಟ್ ಟ್ಯಾಂಗಲ್’ ಎನ್ನುತ್ತೇವೆ. ಮೊದಲ ಸಲ ಅದನ್ನು ನೋಡಿದ ದಿನ ನಾನು ತುಂಬ ಹೊತ್ತು ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯಲಿಲ್ಲ. ಮನೆ ಬಿದ್ದುಹೋಗಿ ಒಳಗಿನ ಹಗ್ಗದ ಸುರುಳಿ ಮಾತ್ರ ನೆಲದ ಮೇಲೆ ಉಳಿದ ಹಾಗಿತ್ತು.

ಟಾವ್ ಮೂಲದಲ್ಲಿ ಕೆಟ್ಟದ್ದಲ್ಲ. ನರಕೋಶದೊಳಗೆ ಸರಕು ಸಾಗುವ ಸೂಕ್ಷ್ಮ ನಳಿಕೆಗಳಿವೆ, ಅವನ್ನು ಗಟ್ಟಿಯಾಗಿ ನಿಲ್ಲಿಸುವುದು ಅದರ ಕೆಲಸ. ಕಾಯಿಲೆಯಲ್ಲಿ ಅದಕ್ಕೆ ಫಾಸ್ಫೇಟ್ ಮಿತಿಮೀರಿ ಅಂಟಿ, ನಳಿಕೆಯಿಂದ ಕಳಚಿಕೊಂಡು, ಒಂದಕ್ಕೊಂದು ಕೂಡಿಕೊಳ್ಳುತ್ತದೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹೆಚ್ಚಿನ ಎಳೆಗಳು ಎರಡೆರಡಾಗಿ ಒಂದರ ಸುತ್ತ ಒಂದು ತಿರುಚಿಕೊಂಡಿರುತ್ತವೆ. ಹತ್ತಿರದಿಂದ ಕ್ರಮ, ದೂರದಿಂದ ಅಸ್ತವ್ಯಸ್ತ. ಇದಕ್ಕೆ ಏನೆನ್ನುತ್ತೀರಿ?

ನೇಯ್ಗೆಮನೆ, ಇಳಕಲ್

ಹುರಿ ಎನ್ನುತ್ತೇವೆ. ಎರಡೆಳೆ ಕೂಡಿಸಿ ಹೊಸೆದರೆ ಹುರಿ. ಹುರಿ ಹೆಚ್ಚಾದ ದಾರವನ್ನು ಸಡಿಲ ಬಿಟ್ಟು ನೋಡಿ, ತನ್ನ ಮೇಲೆ ತಾನೇ ಸುತ್ತಿಕೊಂಡು ಸಿಕ್ಕಾಗುತ್ತದೆ. ಹಾಗಾಗಿ ಎರಡೂ ಸರಿ: ಮೊದಲು ಹುರಿ, ಆಮೇಲೆ ಸಿಕ್ಕು.

ಶುಶ್ರೂಷಕಿ, ದಾವಣಗೆರೆ

ಎಲ್ಲರೂ ಸಿಕ್ಕಿಗೆ ಬಂದಿದ್ದೀರಿ, ನನಗೂ ಒಪ್ಪಿಗೆ. ಒಂದು ಎಚ್ಚರಿಕೆ ಮಾತ್ರ. ‘ಸಿಕ್ಕು’ ಎಂದ ತಕ್ಷಣ ನಮ್ಮ ಬಾಯಿಗೆ ಬರುವ ಮುಂದಿನ ಮಾತು ‘ಬಿಡಿಸು’. ಗಂಟಿಗೆ ಆಪರೇಷನ್ ಕೇಳಿದ ಹಾಗೆ ಸಿಕ್ಕಿಗೆ ಬಿಡಿಸುವ ಮದ್ದು ಕೇಳುತ್ತಾರೆ. ಅಂಥ ಮದ್ದು ಮಾರುತ್ತೇವೆ ಎನ್ನುವವರೂ ಬಾಗಿಲಿಗೆ ಬರುತ್ತಾರೆ. ಈ ಸಿಕ್ಕನ್ನು ಬಿಡಿಸುವ ಔಷಧ ಇವತ್ತಿನವರೆಗೆ ಇಲ್ಲ ಎಂದು ಅದೇ ಸಾಲಿನ ಪಕ್ಕದಲ್ಲಿ ಬರೆಯಿರಿ, ಮುಂದಿನ ಪುಟಕ್ಕೆ ದೂಡಬೇಡಿ.

ಬರಹದ ಮೇಜು, ಶಿವಮೊಗ್ಗ

ರಾತ್ರಿ ಕುಳಿತು ಬರೆದೆ. ತಪ್ಪಿದ್ದರೆ ತಿದ್ದಿ.

‘ನರಕೋಶದ ಒಳಗೆ, ಅದರ ಆಕಾರವನ್ನು ಹಿಡಿದು ನಿಲ್ಲಿಸಲು ನೆರವಾಗುವ ಟಾವ್ ಎಂಬ ಪ್ರೋಟೀನು ಇರುತ್ತದೆ. ಈ ಕಾಯಿಲೆಯಲ್ಲಿ ಅದು ತನ್ನ ಜಾಗದಿಂದ ಕಳಚಿಕೊಳ್ಳುತ್ತದೆ. ಕಳಚಿದ ಎಳೆಗಳು ಹೊಸೆದ ದಾರದಂತೆ ಹುರಿಗೊಂಡು, ಬಾಚದ ಕೂದಲಿನಂತೆ ಸಿಕ್ಕಾಗುತ್ತವೆ. ಇದನ್ನು ಎಳೆಸಿಕ್ಕು ಎನ್ನೋಣ. ಇದು ಗೆಡ್ಡೆಯಲ್ಲ, ಕತ್ತರಿಸಿ ತೆಗೆಯುವಂಥದ್ದಲ್ಲ. ಇದನ್ನು ಬಿಡಿಸುವ ಔಷಧ ಇಂದಿಗೆ ಇಲ್ಲ. ನಿಮ್ಮವರು ಬೇಕೆಂದು ಮರೆಯುತ್ತಿಲ್ಲ. ಅವರ ಕೈಯಲ್ಲಿ ಕೆಲಸ ನಿಂತುಹೋದಾಗ ಎಳೆಯಬೇಡಿ, ಅವಸರಿಸಬೇಡಿ. ಪಕ್ಕದಲ್ಲಿ ಕುಳಿತು ತುದಿಯನ್ನು ಹುಡುಕಿ ಕೊಡಿ.’

ಕೊನೆಯ ಎರಡು ಸಾಲು ಇಳಕಲ್ಲಿನ ಅಜ್ಜಿಯವರದು. ಅವರನ್ನು ಕೇಳದೆ ತೆಗೆದುಕೊಂಡಿದ್ದೇನೆ.

ನೇಯ್ಗೆಮನೆ, ಇಳಕಲ್

ಅಜ್ಜಿ ಈಗ ಇಲ್ಲ ಅಕ್ಕ. ಇದ್ದಿದ್ದರೆ ‘ಹುಡುಕಿ ಕೊಡಿ’ ಎನ್ನುತ್ತಿರಲಿಲ್ಲ, ‘ಹುಡುಕಿ ಅವರ ಬೆರಳಿಗೇ ಹಿಡಿಸಿ’ ಎನ್ನುತ್ತಿದ್ದಳು. ಆಗುವುದಾದರೆ ಅಷ್ಟು ಬದಲಿಸಿ.

ಬರಹದ ಮೇಜು, ಶಿವಮೊಗ್ಗ

ಬದಲಿಸಿದೆ.